ಕಾಡಿನ ಒಡೆತನ ಮತ್ತು ಡೀಟ್ರಿಕ್ ಬ್ರಾಂಡಿಸರು

ಕಾಡು ಯಾರ ಸೊತ್ತೆಂಬುದನ್ನು ನಿಶ್ಚಯಿಸದೆ ಕಾಡನ್ನುಳಿಸುವೆವೆಂದು ಹೊರಡುವವರ ಶ್ರಮವು ಫಲಕಾರಿಯಾಗಲಾರದು. ಕಡಿಯುವವನಿಗೆ ನಾಳಿನ ಚಿಂತೆಯಿಲ್ಲದಿದ್ದರೆ, ಕಾಯುವವನಿಗೆ ಕಾಯ್ದುದರ ಫಲವು ದೊರೆಯದಿದ್ದರೆ, ಕಾಯಿದೆಗಳೆಷ್ಟಿದ್ದರೂ ಮರಗಳು ನಿಲ್ಲಲಾರವು. ಈ ತತ್ತ್ವವನ್ನು ಗ್ರಂಥಗಳಿಂದಲ್ಲದೆ ಕಾಡಿನಲ್ಲಿ ಅಲೆದಾಡಿ ಕಂಡುಕೊಂಡವರೂ, ಕಂಡುದರಲ್ಲಿ ಅರ್ಧವನ್ನು ಮಾತ್ರ ಆಚರಣೆಗೆ ತರಲು ಶಕ್ತರಾದವರೂ ಆದ ಒಬ್ಬ ಪುರುಷರ ಚರಿತ್ರೆಯನ್ನು ನಾವಿಂದು ವಾಚಕರ ಮುಂದಿಡುತ್ತೇವೆ. ಇಂಡಿಯಾ ದೇಶದ ಅರಣ್ಯ ಇಲಾಖೆಯ ಪ್ರಥಮ ಇನ್‌ಸ್ಪೆಕ್ಟರ್ ಜನರಲ್ ಆಗಿದ್ದ ಸರ್ ಡೀಟ್ರಿಕ್ ಬ್ರಾಂಡಿಸರೇ ಅವರು.

ಬ್ರಾಂಡಿಸರು ಆಂಗ್ಲರಲ್ಲ, ಜರ್ಮನರು. 1824ನೆಯ ಇಸವಿಯಲ್ಲಿ ಬಾನ್ ನಗರದಲ್ಲಿ ಜನಿಸಿದರು. ತಂದೆಯು ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ತತ್ತ್ವಶಾಸ್ತ್ರದ ಅಧ್ಯಾಪಕರು. ಅವರು ಗ್ರೀಸ್ ದೇಶದ ಅರಸನಿಗೆ ಸಲಹೆಗಾರರಾಗಿ ಕೆಲವು ಕಾಲ ಅಥೆನ್ಸಿನಲ್ಲಿದ್ದುದರಿಂದ ಬಾಲಕನಿಗೆ ಪರದೇಶವಾಸವು ಚಿಕ್ಕಂದಿನಲ್ಲೇ ಅಭ್ಯಾಸವಾಯಿತು. ಸಸ್ಯಶಾಸ್ತ್ರವನ್ನು ವ್ಯಾಸಂಗಮಾಡಿ 1849ರಲ್ಲಿ ಬಾನಿನಲ್ಲಿಯೇ ಪಾಠ ಹೇಳತೊಡಗಿದರು. 1854ರಲ್ಲಿ ಶ್ರೀರಾಂಪುರದ ಪ್ರಸಿದ್ಧ ಪಾದ್ರಿ ಮಾರ್ಷ್‌ಮನ್ನರ ಮಗಳನ್ನು ವರಿಸಿದುದು ಅವರ ಬಾಳನ್ನೇ ಬೇರೆ ದಾರಿಗೆ ತಿರುಗಿಸಿತು. ಆಕೆಯ ಸೋದರಿಯು ಸೇನಾಪತಿ ಹ್ಯಾವ್‌ಲಾಕರ ಪತ್ನಿ. ಈ ಬಾಂಧವ್ಯದ ಮೂಲಕ ತರುಣ ವಿದ್ವಾಂಸನ ಹೆಸರು ಗವರ್ನರ್ ಜನರಲ್ ಡಾಲ್‌ಹೌಸಿಯವರ ಕಿವಿಗೆ ಬಿದ್ದಿತು. 1856ರ ಜನವರಿಯಲ್ಲಿ ಬ್ರಾಂಡಿಸರು ಬರ್ಮಾ ದೇಶದ ಪೆಗು ಪ್ರಾಂತದ ತೇಗದ ಕಾಡುಗಳ ಅಧಿಕಾರವನ್ನು ವಹಿಸಿಕೊಂಡರು.

ಡಾಲ್‌ಹೌಸಿಯವರಿಗೆ ಇಂತಹ ಪುರುಷನೊಬ್ಬನು ಏಕೆ ಬೇಕಾದನೆಂಬುದನ್ನು ಅರಿಯಬೇಕಾದರೆ ಪೆಗುವಿನ ನೆರೆಯ ಟೆನಾಸೆರಿಮ್ ಪ್ರಾಂತದ ಕಥೆಯನ್ನು ನೋಡಬೇಕು. 1826ರಲ್ಲಿ ಆ ಪ್ರಾಂತವು ಕಂಪನಿಯ ಕೈಸೇರಿತು. ಅಲ್ಲಿಯ ತೇಗವನ್ನು ಕಡಿಯಲು ವರ್ತಕರಿಗೆ ಪರವಾನಗಿಗಳನ್ನು ಕೊಟ್ಟರು. ದಿಮ್ಮಿಗಳು ಮೌಲ್‌ಮೇನ್ ಬಂದರಿಗೆ ಬಂದಾಗ ಸುಂಕವನ್ನು ವಸೂಲುಮಾಡಿದರು. ವರ್ತಕನಿಗೆ ಮರದ ಮೇಲೆ ಹಕ್ಕಿದ್ದಿತೇ ಹೊರತು ಕಾಡಿನ ಮೇಲೆ ಇರಲಿಲ್ಲ. ಈ ವರ್ಷ ತಾನು ಉಳಿಸಿದ ಮರವನ್ನು ಮುಂದಿನ ವರ್ಷ ಮತ್ತೊಬ್ಬನು ಕಡಿಯುವನೆಂದು ಅವನು ಬಲ್ಲವನಾಗಿದ್ದನು. ಹೀಗಿರಲು ಎಳೆಯ ಮರವನ್ನು ಉಳಿಸುವ ಬುದ್ಧಿ ಯಾರಿಗೆ ಬಂದೀತು? ಕೆಲವೇ ದಶಕಗಳಲ್ಲಿ ಸುಲಭವಾಗಿ ಸಾಗಿಸಬಹುದಾದ ತೇಗವೆಲ್ಲವೂ ಬಹುಮಟ್ಟಿಗೆ ತೀರಿಹೋಯಿತು. 1852ರಲ್ಲಿ ಪೆಗುವು ವಶವಾದಾಗ ಅದಕ್ಕೂ ಇದೇ ಗತಿಯಾದೀತೆಂಬ ಭಯದಿಂದ, 1855ರಲ್ಲಿ ಡಾಲ್‌ಹೌಸಿಯವರು ಪೆಗುವಿನ ತೇಗವು ಸರಕಾರದ ಸೊತ್ತೆಂದು ಘೋಷಿಸಿದರು. ಈ ಘೋಷಣೆಯಲ್ಲಿ ಕಾಡಿನ ಮೇಲಣ ಪ್ರೀತಿಗಿಂತ ನೌಕಾಬಲಕ್ಕೆ ಬೇಕಾದ ಮರದ ಚಿಂತೆಯೇ ಹೆಚ್ಚಾಗಿದ್ದಿತೆಂಬುದನ್ನು ಮರೆಮಾಚಲು ಕಾರಣವಿಲ್ಲ.

ಬ್ರಾಂಡಿಸರು ಮಾಡಿದ ಮೊದಲ ಕಾರ್ಯವೆಂದರೆ ಎಣಿಕೆ. ಆನೆಯ ಮೇಲೆ ಕುಳಿತು, ಬಿದಿರ ಸೀಳುಗಳನ್ನು ಒಂದು ಕೈಯಲ್ಲಿಯೂ ಚೂರಿಯನ್ನು ಇನ್ನೊಂದು ಕೈಯಲ್ಲಿಯೂ ಹಿಡಿದು, ಕಾಡಿನ ದಾರಿಯ ಎರಡೂ ಬದಿಯಲ್ಲಿ ಕಂಡ ತೇಗದ ಮರಗಳನ್ನು ಗಾತ್ರಾನುಸಾರವಾಗಿ ನಾಲ್ಕು ವರ್ಗಗಳಾಗಿ ವಿಂಗಡಿಸಿ, ಒಂದೊಂದು ಮರಕ್ಕೆ ಒಂದೊಂದು ಗೀರು ಹಾಕುತ್ತ ಅವರು ಸಂಚರಿಸಿದರು. ಸುತ್ತಳತೆಯಲ್ಲಿ ಆರು ಅಡಿ ಮೀರಿದ ಮರವೇ ಪ್ರಥಮ ವರ್ಗದ್ದು. ಎರಡನೆಯ ವರ್ಗದ ಮರವು ಮೊದಲನೆಯದಕ್ಕೆ ಬೆಳೆಯಲು ಸುಮಾರು 24 ವರ್ಷಗಳು ಹಿಡಿಯುವುವೆಂದು ಅಂದಾಜುಮಾಡಿ, ಪ್ರಥಮ ವರ್ಗದ ಮರಗಳಲ್ಲಿ 24ರಲ್ಲಿ ಒಂದು ಪಾಲನ್ನು ಮಾತ್ರ ವರ್ಷಂಪ್ರತಿ ಕಡಿಯತಕ್ಕುದೆಂದು ನಿಯಮಿಸಿದರು. ಲೇವಾದೇವಿಯನ್ನು ಬಲ್ಲ ನಮ್ಮ ವಾಚಕರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಕಾಡು ಅಸಲು, ಬೆಳವಣಿಗೆಯು ಬಡ್ಡಿ. ಬಡ್ಡಿಯಲ್ಲಿ ಜೀವಿಸುವವನ ಮನೆ ನಿಲ್ಲುವುದು. ಅಸಲನ್ನೇ ಕರಗಿಸಿ ಉಣ್ಣುವವನದು ಮುಳುಗುವುದು.

ಅವರ ಎರಡನೆಯ ಕಾರ್ಯವು ಇದಕ್ಕಿಂತಲೂ ಕಠಿಣವಾಗಿದ್ದಿತು. ಪೆಗುವಿನ ಬೆಟ್ಟಗಳಲ್ಲಿ ಕರೆನ್ ಎಂಬ ಜನಾಂಗದವರು ಕಾಡನ್ನು ಕಡಿದು ಸುಟ್ಟು, ಬೂದಿಯ ಮೇಲೆ ಭತ್ತ ಬಿತ್ತಿ, ಮರುವರ್ಷ ಬೇರೆಡೆಗೆ ಹೋಗುತ್ತಿದ್ದರು. ನಮ್ಮ ಮಲೆನಾಡಿನ ಕುಮರಿ ಬೇಸಾಯವನ್ನು ಬಲ್ಲವರಿಗೆ ಇದು ಹೊಸದಲ್ಲ; ಬರ್ಮೀಯರು ಇದನ್ನು ಟೌಂಗ್ಯಾ ಎಂದು ಕರೆಯುವರು. ತೇಗಕ್ಕೆ ಹಾನಿಮಾಡಿದರೆಂದು ಅಧಿಕಾರಿಗಳು ಮೊದಲು ಇವರ ಮೇಲೆ ಖಟ್ಲೆ ಹೂಡಿದರು. ಖಟ್ಲೆಗಳಿಂದ ದ್ವೇಷವು ಬೆಳೆಯಿತಲ್ಲದೆ ತೇಗವು ಬೆಳೆಯಲಿಲ್ಲ. ಬ್ರಾಂಡಿಸರು ಉಪಾಯವನ್ನು ಬದಲಿಸಿದರು. ಬೆಟ್ಟದ ರೈತನು ಎಂದಿನಂತೆ ಕಡಿದು ಸುಟ್ಟು ಬಿತ್ತಲಿ, ಆದರೆ ಭತ್ತದ ಸಾಲುಗಳ ನಡುವೆ ತೇಗದ ಸಸಿಗಳನ್ನೂ ನೆಡಲಿ. ಪೈರು ಕೊಯ್ದು ಅವನು ಮುಂದಕ್ಕೆ ಹೋಗುವಾಗ ಬದುಕಿ ನಿಂತ ಸಸಿಗಳನ್ನೆಣಿಸಿ ಅವುಗಳ ಲೆಕ್ಕದಂತೆ ಹಣ ಕೊಡತಕ್ಕುದು. ನಿನ್ನೆ ಕಾಡಿನ ಶತ್ರುವೆಂದು ಕಚೇರಿಗೆ ಎಳೆಯಲ್ಪಟ್ಟವನೇ ಇಂದು ಕಾಡಿನ ತೋಟಗಾರನಾದನು. ಈ ಪದ್ಧತಿಯು ಕಾಲಕ್ರಮದಲ್ಲಿ ಬರ್ಮಾದ ಎಲ್ಲೆಯನ್ನು ದಾಟಿ ಉಷ್ಣದೇಶಗಳಲ್ಲಿ ದೂರದೂರ ಹರಡಿತು. ಆದರೂ ಒಂದು ಕೊರತೆಯುಂಟು. ರೈತನಿಗೆ ಸಿಕ್ಕಿದುದು ಕೂಲಿಯೇ ಹೊರತು, ತಾನು ನೆಟ್ಟ ಮರದಲ್ಲಿ ಪಾಲಲ್ಲ.

ಇತ್ತ ವರ್ತಕರೂ ಸುಮ್ಮನಿರಲಿಲ್ಲ. ಸರಕಾರವೇ ಮರ ಕಡಿಸಿ ರಂಗೂನಿನಲ್ಲಿ ಹರಾಜು ಹಾಕುವುದು ವ್ಯಾಪಾರ ಸ್ವಾತಂತ್ರ್ಯಕ್ಕೆ ವಿರೋಧವೆಂದು ಅವರು ಗದ್ದಲವೆಬ್ಬಿಸಿದುದರಿಂದ 1860ರ ಅನಂತರದ ವರ್ಷಗಳಲ್ಲಿ ಪೆಗುವಿನ ಕಾಡುಗಳನ್ನು ಗುತ್ತಿಗೆಗೆ ತೆರೆಯಬೇಕಾಯಿತು. ಹಸಿಯ ತೇಗವು ನೀರಿನಲ್ಲಿ ತೇಲದು. ಬುಡದ ಸುತ್ತ ಆಳವಾಗಿ ಕಚ್ಚುಹಾಕಿ, ಕೆಲವು ವರ್ಷ ನಿಂತಲ್ಲಿಯೇ ಒಣಗಿಸಿ, ಆಮೇಲೆ ಕಡಿಯಬೇಕು. ಯಾವ ಮರಕ್ಕೆ ಕಚ್ಚುಹಾಕತಕ್ಕುದೆಂಬುದನ್ನು ಗುರುತಿಸುವ ಅಧಿಕಾರವು ಇಲಾಖೆಯ ಕೈಯಲ್ಲಿಯೇ ಇರಬೇಕೆಂಬುದು ಬ್ರಾಂಡಿಸರ ಪಟ್ಟು. ಮಾರುಕಟ್ಟೆಗೆ ಅವರು ಹಗೆಗಳಲ್ಲ. ಮಾರುಕಟ್ಟೆಗೆ ಮೇರೆ ಬೇಕೆಂದವರು.

1864ರಲ್ಲಿ ಅವರು ಸಮಗ್ರ ಇಂಡಿಯಾದ ಇನ್‌ಸ್ಪೆಕ್ಟರ್ ಜನರಲ್ ಆದರು. ಅದು ರೈಲುದಾರಿಯ ಕಾಲ. ಒಂದು ಮೈಲು ಹಳಿಗೆ 1,700ರಿಂದ 2,000 ಸ್ಲೀಪರುಗಳು ಬೇಕಾಗುತ್ತಿದ್ದುವು. ಕಾಡುಗಳು ಎಲ್ಲೆಡೆಯೂ ಕರಗುತ್ತಿದ್ದುವು. 1865ರಲ್ಲಿ ಮೊದಲನೆಯ ಅರಣ್ಯ ಕಾಯಿದೆಯು ಬಂದಿತು. ಬ್ರಾಂಡಿಸರು ಪ್ರಾಂತದಿಂದ ಪ್ರಾಂತಕ್ಕೆ ಸಂಚರಿಸುತ್ತ ಬರಿಯ ಮರಗಳನ್ನಲ್ಲದೆ ಜನರ ಕಟ್ಟಳೆಗಳನ್ನೂ ಪರಿಶೀಲಿಸಿದರು. ಕೊಡಗಿನ ದೇವರಕಾಡುಗಳು ಅವರ ಕಣ್ಣಿಗೆ ಬಿದ್ದುವು. ಕಾಯಿದೆಯೂ ಕಾವಲಿನವನೂ ಇಲ್ಲದೆ, ಊರಿನವರ ಭಯಭಕ್ತಿಯಿಂದಲೇ ತಲೆಮಾರುಗಳ ಕಾಲ ಉಳಿದ ಕಾಡುಗಳಿವು ಎಂಬುದನ್ನು ಅವರು ಬರೆದಿಟ್ಟರು. 1868ರಲ್ಲಿ, ಆಗ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿದ್ದ ಮೈಸೂರು ಸೀಮೆಗಾಗಿ, ಗ್ರಾಮಾರಣ್ಯಗಳ ಯೋಜನೆಯೊಂದನ್ನು ಸಿದ್ಧಪಡಿಸಿದರು. ಹಳ್ಳಿಗಳ ಒಂದೊಂದು ಗುಂಪಿಗೂ ಗೊತ್ತಾದ ಕಾಡು. ಅದರಲ್ಲಿ ಸೌದೆಗೂ ನೇಗಿಲಿಗೂ ಮನೆಗೂ ಬೇಕಾದ ಮರವು ಬೆಲೆಯಿಲ್ಲದೆ. ಮರುಬೆಳೆಗಾಗಿ ಬೇಲಿ ಹಾಕಿದ ಭಾಗವನ್ನುಳಿದು ದನಗಳಿಗೆ ಮೇವು. ಈ ಯೋಜನೆಯು ಅವರು ಎಣಿಸಿದಂತೆ ಆಚರಣೆಗೆ ಬರಲಿಲ್ಲ. ಬಂದಿದ್ದರೆ ಈ ನಾಡಿನ ಅರಣ್ಯಚರಿತ್ರೆಯು ಬೇರೆಯಾಗುತ್ತಿತ್ತೆಂದು ನಾವು ಭಾವಿಸುತ್ತೇವೆ.

ಬಳಿಕ ಬಂದುದು 1878ರ ಕಾಯಿದೆಯ ಮಹಾವಿವಾದ. ಬಂಗಾಳ ಸಿವಿಲ್ ಸರ್ವಿಸಿನ ಬೇಡನ್-ಪೊವೆಲರು ಸರಕಾರಕ್ಕೆ ಸಂಪೂರ್ಣ ಒಡೆತನ ಬೇಕೆಂದರು. ಹಳ್ಳಿಗರು ಅನಾದಿಯಿಂದ ಸೌದೆ ತಂದುದು, ದನ ಮೇಯಿಸಿದುದು, ಎಲ್ಲವೂ ಅರಸನ ಕೃಪೆಯೇ ಹೊರತು ಹಕ್ಕಲ್ಲವೆಂಬುದು ಅವರ ವಾದ. ಮದರಾಸು ರೆವಿನ್ಯೂ ಬೋರ್ಡಿನವರು ಇದಕ್ಕೆ ನೇರ ವಿರೋಧವಾಗಿ, ತಮ್ಮ ಪ್ರಾಂತದಲ್ಲಿ ಯಾವುದೋ ಒಂದು ಹಳ್ಳಿಯ ಎಲ್ಲೆಗೆ ಸೇರದ ಕಾಡೇ ದುರ್ಲಭವೆಂದು ಪ್ರತಿಪಾದಿಸಿದರು. ಬ್ರಾಂಡಿಸರದು ನಡುದಾರಿ. ಬೆಲೆಬಾಳುವ ದೊಡ್ಡ ಕಾಡುಗಳು ಸರಕಾರಕ್ಕೆ, ಊರ ಸುತ್ತಣ ಕಾಡುಗಳು ಊರಿಗೆ. ಹಳೆಯ ಬಳಕೆಯನ್ನು ಹಕ್ಕೆಂದೇ ಎಣಿಸಿ, ಕಸಿದರೆ ಪರಿಹಾರ ಕೊಡತಕ್ಕುದು. ಕಾಯಿದೆಯು ಹೊರಬಿದ್ದಾಗ ಮೇಲುಗೈಯಾದುದು ಬೇಡನ್-ಪೊವೆಲರ ವಾದವೇ. ಗ್ರಾಮಾರಣ್ಯದ ಅಧ್ಯಾಯವೊಂದು ಪುಸ್ತಕದಲ್ಲಿ ಉಳಿಯಿತು. ನೆಲದ ಮೇಲೆ ಅದು ಇಳಿದುದು ಅತಿ ವಿರಳ.

ಫಲವನ್ನು ಜನರು ಬಲ್ಲರು. ತನ್ನದೆಂದು ಕಾಯುತ್ತಿದ್ದ ಕಾಡಿನಲ್ಲಿ ರೈತನು ಕಳ್ಳನಾದನು. ಹೊರೆ ಸೌದೆಗೆ ದಂಡವೂ ದನಕ್ಕೆ ದೊಡ್ಡಿಯೂ ಬಂದುವು. ಇತ್ತ ಕೂಪುಗಳ ಗುತ್ತಿಗೆಯು ಅವ್ಯಾಹತವಾಗಿ ನಡೆಯಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವರಾರು? 1930ರಲ್ಲಿ ಉತ್ತರ ಕನ್ನಡದ ಜನರು ಅರಣ್ಯ ಸತ್ಯಾಗ್ರಹಕ್ಕೆ ಇಳಿದುದು ಕಾಡಿನ ಮೇಲಣ ಹಗೆಯಿಂದಲ್ಲ, ಕಳೆದುಕೊಂಡ ಹಕ್ಕಿನ ನೋವಿನಿಂದ.

ಬ್ರಾಂಡಿಸರು 1878ರಲ್ಲಿ ಡೆಹ್ರಾಡೂನಿನಲ್ಲಿ ಅರಣ್ಯಶಾಲೆಯನ್ನು ಸ್ಥಾಪಿಸಿ, 1883ರಲ್ಲಿ ನಿವೃತ್ತರಾದರು. ಅಮೆರಿಕದ ಅರಣ್ಯ ಇಲಾಖೆಯನ್ನು ಕಟ್ಟಿದ ಗಿಫರ್ಡ್ ಪಿಂಚಾಟರು ತಾರುಣ್ಯದಲ್ಲಿ ಮಾರ್ಗದರ್ಶನ ಪಡೆದುದು ಇವರಿಂದಲೇ. ಎಂಬತ್ತು ದಾಟಿದ ಮೇಲೆಯೂ ದುಡಿದು, ಇಂಡಿಯಾದ ಮರಗಳನ್ನು ಕುರಿತ ಮಹಾಗ್ರಂಥವನ್ನು 1906ರಲ್ಲಿ ಹೊರತಂದು, 1907ರ ಮೇ ತಿಂಗಳಲ್ಲಿ ಹುಟ್ಟೂರಾದ ಬಾನಿನಲ್ಲಿ ದೇಹವನ್ನು ಬಿಟ್ಟರು.

ಅವರು ಸಾಮ್ರಾಜ್ಯದ ಸೇವಕರಾಗಿದ್ದರು. ಸರಕಾರದ ಕೈಗೆ ಕಾಡಿನ ಬೀಗವನ್ನು ಕೊಟ್ಟವರಲ್ಲಿ ಒಬ್ಬರು. ಈ ಹೊಣೆಯಿಂದ ಅವರನ್ನು ಬಿಡಿಸಲು ನಾವು ಯತ್ನಿಸುವುದಿಲ್ಲ. ಆದರೆ ಬೀಗದ ಜತೆಗೆ ಊರಿಗೊಂದು ಕೀಲಿಕೈಯೂ ಬೇಕೆಂದು ಹೇಳಿದವರೂ ಅವರೇ. ಕುಮಾವೂಂ ಬೆಟ್ಟಗಳಲ್ಲಿ 1931ರ ವನಪಂಚಾಯಿತಿಗಳೂ, ಊರೊಟ್ಟಿನ ಅರಣ್ಯದ ಹಕ್ಕನ್ನು ಒಪ್ಪಿದ 2006ರ ಕಾಯಿದೆಯೂ ಆ ಮಾತಿಗೆ ತಡವಾಗಿ ದೊರೆತ ಮನ್ನಣೆಯೆಂದು ನಾವು ತಿಳಿಯುತ್ತೇವೆ. ಇಂದು ಅರಣ್ಯಕ್ಕೆ ಬೆಲೆಕಟ್ಟಿ, ಅದು ಹೀರುವ ಇಂಗಾಲವನ್ನು ಸಹ ಸಂತೆಯ ಸರಕನ್ನಾಗಿ ಮಾಡುವ ಯೋಜನೆಗಳು ಎಲ್ಲೆಡೆಯೂ ಹುಟ್ಟುತ್ತಿವೆ. ಬೆಲೆಯು ಬರಲಿ, ಆದರೆ ಆ ಬೆಲೆಯು ಯಾರ ಕೈಸೇರುವುದೆಂಬುದನ್ನು ಮೊದಲು ಕೇಳತಕ್ಕುದು ಅಧಿಕಾರಿಗಳ ಧರ್ಮ. ಸಸಿಗೆ ನೀರೆರೆದವನಿಗೆ ನೆರಳಿನಲ್ಲಿಯೂ ಫಲದಲ್ಲಿಯೂ ಪಾಲು ದೊರೆತಲ್ಲದೆ ಕಾಡು ನಿಲ್ಲದು.