ನೊಂದವರ ಬಳಿಗೆ ನಡೆದು ಬಂದ ಸಂತ ಜೋಸೆಫ್ ವಾಜ್

ಕಷ್ಟದಲ್ಲಿರುವವರಿಗೆ ಧೈರ್ಯ ತುಂಬುವುದು ಕ್ರೈಸ್ತರಾದ ನಮ್ಮೆಲ್ಲರ ಕರ್ತವ್ಯ. ಆದರೆ ಎಲ್ಲರ ನೋವಿಗೂ ಒಂದೇ ಮದ್ದು ಒಪ್ಪುವುದಿಲ್ಲ. 2009ರ ನೆರೆಯಲ್ಲಿ ಮನೆ, ಬೆಳೆ ಕಳೆದುಕೊಂಡ ಸಿರುಗುಪ್ಪ ಸೀಮೆಯ ಕುಟುಂಬ, ಮಳೆ ಕೈಕೊಟ್ಟು ಸಾಲಕ್ಕೆ ಸಿಲುಕಿದ ಕುರುಗೋಡಿನ ರೈತ, ಬಳ್ಳಾರಿ ನಗರದ ಆಸ್ಪತ್ರೆಯಲ್ಲಿ ಒಂಟಿಯಾಗಿ ಮಲಗಿರುವ ರೋಗಿ, ಇವರೆಲ್ಲರಿಗೂ ದೇವರಿದ್ದಾರೆ, ಧೈರ್ಯವಾಗಿರಿ ಎಂದಷ್ಟೇ ಹೇಳಿ ಹೊರಟುಬಿಟ್ಟರೆ ನಮ್ಮ ಕರ್ತವ್ಯ ಮುಗಿಯಿತೇ? ಪ್ರತಿವರ್ಷ ಜನವರಿ 16ರಂದು ನಾವು ಸ್ಮರಿಸುವ ಸಂತ ಜೋಸೆಫ್ ವಾಜ್‌ರವರ ಬದುಕು ಈ ಪ್ರಶ್ನೆಗೆ ಉತ್ತರ ನೀಡುತ್ತದೆ.

ಅವರು ಜನಿಸಿದ್ದು 1651ರ ಏಪ್ರಿಲ್ 21ರಂದು, ಗೋವೆಯ ಬೆಣಾವ್ಲಿಯಲ್ಲಿ. ಅದು ಅವರ ತಾಯಿಯ ತವರೂರು. 1676ರಲ್ಲಿ ಗುರುದೀಕ್ಷೆ ಪಡೆದ ಅವರು 1681ರಲ್ಲಿ ನಮ್ಮ ನಾಡಿನ ಕರಾವಳಿಗೆ ಆಗಮಿಸಿದರು. ಆಗ ಅಲ್ಲಿ ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಳ್ವಿಕೆ ನಡೆದಿತ್ತು. ಕ್ರೈಸ್ತರ ಕಷ್ಟ ಮಾತ್ರ ಒಳಗಿನದಾಗಿತ್ತು. ಗೋವೆಯ ಮಹಾಧರ್ಮಾಧ್ಯಕ್ಷರ ಅಧಿಕಾರವನ್ನು ಒಪ್ಪಬೇಕೇ, ರೋಮಿನಿಂದ ನೇಮಕಗೊಂಡ ಧರ್ಮಾಧ್ಯಕ್ಷ ತೋಮಸ್ ದ ಕಾಸ್ತ್ರೊರವರ ಅಧಿಕಾರವನ್ನು ಒಪ್ಪಬೇಕೇ ಎಂಬ ವಿವಾದದಲ್ಲಿ ಗುರುಗಳೇ ಇಬ್ಭಾಗವಾಗಿದ್ದರು. ಯಾರ ಕೈಯಿಂದ ಸಂಸ್ಕಾರ ಸ್ವೀಕರಿಸಬೇಕೆಂದು ತಿಳಿಯದೆ ಜನ ಕಂಗೆಟ್ಟಿದ್ದರು. ಗೋವೆಯಿಂದ ಬಂದವರಾದರೂ ವಾಜ್‌ರವರು ಎದುರು ಪಕ್ಷದ ಧರ್ಮಾಧ್ಯಕ್ಷರನ್ನು ಗೌರವದಿಂದ ಕಂಡರು, ಶಾಂತಿಗಾಗಿ ಶ್ರಮಿಸಿದರು. ಮಂಗಳೂರು, ಕಲ್ಯಾಣಪುರ, ಕುಂದಾಪುರ, ಗಂಗೊಳ್ಳಿಗಳ ಕಡೆಯ ವಿಶ್ವಾಸಿಗಳನ್ನು ಹುಡುಕಿಕೊಂಡು ಹೋದರು. ಶಾಲೆಗಳನ್ನು, ಭಕ್ತ ಸಂಘಗಳನ್ನು ಸ್ಥಾಪಿಸಿದರು. ಒಡೆದ ಮನಸ್ಸುಗಳಿಗೆ ಅಲ್ಲಿ ಬೇಕಾಗಿದ್ದುದು ಸಮಾಧಾನ. ಅದನ್ನೇ ಅವರು ನೀಡಿದರು. ಮಂಗಳೂರಿನ ಸಮೀಪದ ಮುಡಿಪುವಿನಲ್ಲಿರುವ ಪುಣ್ಯಕ್ಷೇತ್ರವು ಇಂದಿಗೂ ಅವರ ನೆನಪನ್ನು ಕಾಪಾಡಿಕೊಂಡಿದೆ.

1684ರಲ್ಲಿ ಗೋವೆಗೆ ಮರಳಿದ ಅವರನ್ನು ಸಿಂಹಳದ ಕ್ರೈಸ್ತರ ಅವಸ್ಥೆ ಸುಮ್ಮನಿರಗೊಡಲಿಲ್ಲ. 1658ರಲ್ಲಿ ಜಾಫ್ನಾವನ್ನು ಗೆದ್ದ ಡಚ್ಚರು ಕಥೋಲಿಕ ಗುರುಗಳನ್ನು ಹೊರಗಟ್ಟಿದ್ದರು. ಗುರುಗಳಿಗೆ ಆಶ್ರಯ ಕೊಡುವುದೂ ಘೋರ ಅಪರಾಧವಾಗಿತ್ತು. ವರ್ಷಗಟ್ಟಲೆ ಪೂಜೆಯಿಲ್ಲದೆ, ಪಾಪನಿವೇದನೆಯಿಲ್ಲದೆ ಜನ ಬಾಳುತ್ತಿದ್ದರು. 1687ರಲ್ಲಿ ವಾಜ್‌ರವರು ಕೂಲಿಯಾಳಿನ ವೇಷದಲ್ಲಿ ಆ ದ್ವೀಪವನ್ನು ತಲುಪಿದರು. ಬಂದೊಡನೆ ಆಮಶಂಕೆಯಿಂದ ನೆಲಹಿಡಿದರು. ಚೇತರಿಸಿಕೊಂಡ ಮೇಲೆ ಕೊರಳಲ್ಲಿ ಜಪಸರ ಧರಿಸಿ ಭಿಕ್ಷುಕರಂತೆ ಮನೆಮನೆಗೆ ನಡೆದರು. ಜಪಸರವನ್ನು ಕಂಡು ಯಾರ ಮುಖ ಅರಳುವುದೋ ಅವರು ನಮ್ಮವರೆಂದು ತಿಳಿಯುವುದೇ ಅವರ ಉಪಾಯ. ಹೀಗೆ ಪತ್ತೆಯಾದ ಮನೆಗಳಲ್ಲಿ ರಾತ್ರಿಯ ಹೊತ್ತು ಪೂಜೆ ನಡೆಯತೊಡಗಿತು. ಹೆದರಿದವರಿಗೆ ಅವರು ನೀಡಿದ ಧೈರ್ಯವೆಂದರೆ ಅವರ ಅಪಾಯದಲ್ಲಿ ತಾವೂ ಪಾಲುಗಾರರಾದುದು.

1692ರಲ್ಲಿ ಅವರು ಕ್ಯಾಂಡಿ ರಾಜ್ಯಕ್ಕೆ ತೆರಳಿದಾಗ ಪೋರ್ಚುಗೀಸರ ಗೂಢಚಾರರೆಂಬ ಶಂಕೆಯಿಂದ ಸೆರೆಗೆ ತಳ್ಳಲ್ಪಟ್ಟರು. ಸೆರೆಮನೆಯಲ್ಲಿ ಅವರು ಸಿಂಹಳ ಭಾಷೆಯನ್ನು ಕಲಿತರು. ಬೌದ್ಧನಾಗಿದ್ದ ದೊರೆ ಎರಡನೆಯ ವಿಮಲಧರ್ಮಸೂರ್ಯನು ಕಾಲಕ್ರಮೇಣ ಅವರ ಸಾತ್ವಿಕತೆಯನ್ನು ಮನಗಂಡು ಸ್ವಾತಂತ್ರ್ಯ ನೀಡಿದನು.

1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿತು. ದೊರೆ, ಪರಿವಾರ ನಗರವನ್ನು ಬಿಟ್ಟರು. ಮನೆಯವರೇ ರೋಗಿಗಳನ್ನು ಹೊರಹಾಕಿದರು. ವಾಜ್‌ರವರೂ ಅವರ ಸೋದರಳಿಯ, ಗುರು ಜೋಸೆಫ್ ಕರ್ವಾಲ್ಯೊರವರೂ ಉಳಿದುಕೊಂಡರು. ರೋಗಿಗಳಿಗೆ ಆಸರೆ ಕಲ್ಪಿಸಿದರು, ಹುಣ್ಣು ತೊಳೆದರು, ಅನ್ನ ಉಣಿಸಿದರು, ಸತ್ತವರನ್ನು ಮಣ್ಣುಮಾಡಿದರು. ಕ್ರೈಸ್ತರು, ಬೌದ್ಧರು ಎಂಬ ಭೇದ ಅಲ್ಲಿರಲಿಲ್ಲ. ಮಾತು ಕೇಳುವ ತ್ರಾಣವಿಲ್ಲದವರಿಗೆ ಕೈಗಳೇ ಸಾಂತ್ವನವಾದವು. 2020ರ ಕೊರೋನಾ ದಿನಗಳಲ್ಲಿ ನೆರೆಮನೆಯ ಬಾಗಿಲು ತಟ್ಟಲು ಅಂಜಿದ ನಮಗೆ ಈ ಸೇವೆಯ ಬೆಲೆ ಬೇರೆಯಾಗಿ ಹೇಳಬೇಕಿಲ್ಲ.

ತಮ್ಮ ನಂತರ ಜನ ಅನಾಥರಾಗಬಾರದೆಂಬ ಚಿಂತೆಯೂ ಅವರಿಗಿತ್ತು. ಗೋವೆಯಿಂದ ಸಹಗುರುಗಳನ್ನು ಕರೆಸಿಕೊಂಡರು. ಗುರುವಿಲ್ಲದ ದಿನಗಳಲ್ಲಿ ಪ್ರಾರ್ಥನೆ ನಡೆಸಲು ಊರೂರಿನ ಉಪದೇಶಿಗಳನ್ನು ಸಜ್ಜುಗೊಳಿಸಿದರು. 1705ರಲ್ಲಿ ಬಂದ ಗುರು ಜಾಕೋಮ್ ಗೊನ್ಸಾಲ್ವಿಸ್‌ರವರು ಸಿಂಹಳ ಹಾಗೂ ತಮಿಳು ಭಾಷೆಗಳಲ್ಲಿ ಗ್ರಂಥಗಳನ್ನು ರಚಿಸಿ ಜನರ ಕೈಗಿತ್ತರು. ತಮಗೆ ಉನ್ನತ ಪದವಿಯನ್ನು ನೀಡುವ ಪ್ರಸ್ತಾಪ ಬಂದಾಗ ವಾಜ್‌ರವರು ವಿನಯದಿಂದ ನಿರಾಕರಿಸಿದರು. ಹುಟ್ಟೂರಿಗೆ ಒಮ್ಮೆಯೂ ಮರಳದೆ 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ದೈವಾಧೀನರಾದರು. 1995ರ ಜನವರಿ 21ರಂದು ಪೋಪ್ ದ್ವಿತೀಯ ಜಾನ್ ಪೌಲರು ಅವರನ್ನು ಧನ್ಯರೆಂದೂ, 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್‌ರವರು ಸಂತರೆಂದೂ ಕೊಲಂಬೊದಲ್ಲಿ ಘೋಷಿಸಿದರು.

1949ರಲ್ಲಿ ಸ್ಥಾಪನೆಯಾದ ನಮ್ಮ ಬಳ್ಳಾರಿ ಧರ್ಮಪ್ರಾಂತ್ಯದಲ್ಲಿ ನಾವು ಅಲ್ಪಸಂಖ್ಯಾತರು, ದೂರದೂರ ಚದುರಿದವರು. ಭಾನುವಾರದ ಪೂಜೆಯ ನಂತರ ಕೈಮುಗಿದು ಬೇರೆಯಾಗುವ ನಮಗೆ, ಕಳೆದ ವಾರ ಬಾರದಿದ್ದ ಕುಟುಂಬ ಯಾವುದೆಂಬ ಅರಿವು ಇದೆಯೇ? ಜಗಳವಾಡಿದ ಮನೆಗೆ ಸಂಧಾನ, ಹೆದರಿದವರಿಗೆ ಜೊತೆ, ರೋಗಿಗೆ ಆರೈಕೆ, ಸಾಲದಲ್ಲಿರುವವರಿಗೆ ಕೈಲಾದ ನೆರವು, ಹೀಗೆ ಅವರವರಿಗೆ ತಕ್ಕುದನ್ನು ಒಯ್ಯೋಣ. ಅದಕ್ಕೆ ಮೊದಲು ಅವರ ಹೊಸ್ತಿಲವರೆಗೆ ನಡೆದು ಹೋಗೋಣ. ಸಂತ ಜೋಸೆಫ್ ವಾಜ್‌ರವರೇ, ನಮಗಾಗಿ ಪ್ರಾರ್ಥಿಸಿರಿ.