ಗರ್ಭಿಣಿಯರಿಗಾಗಿ ದುಡಿದ ಡಾ. ಲೂಸಿ ವಿಲ್ಸ್

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಯಾವುದೇ ಸರಕಾರಿ ದವಾಖಾನೆಗೆ ಹೋದರೂ ಗರ್ಭಿಣಿಯರಿಗೆ ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲದ ಮಾತ್ರೆ ಕೊಡುತ್ತಾರೆ. ಈ ಫೋಲಿಕ್ ಆಮ್ಲದ ಶೋಧದ ಹಿಂದೆ ಮುಂಬಯಿಯ ಬಡ ಮುಸ್ಲಿಂ ತಾಯಂದಿರ ಕಷ್ಟವೂ ಒಬ್ಬ ವೈದ್ಯೆಯ ಪರಿಶ್ರಮವೂ ಇವೆ ಎಂಬುದು ಬಹಳ ಜನರಿಗೆ ತಿಳಿದಿಲ್ಲ.

ಲೂಸಿ ವಿಲ್ಸ್ 1888ರ ಮೇ 10ರಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಸಮೀಪ ಜನಿಸಿದರು. ಕೇಂಬ್ರಿಜ್‌ನಲ್ಲಿ ಸಸ್ಯಶಾಸ್ತ್ರ ಮತ್ತು ಭೂಗರ್ಭಶಾಸ್ತ್ರ ಓದಿ 1911ರಲ್ಲಿ ಪರೀಕ್ಷೆ ಮುಗಿಸಿದರು. ಆದರೆ ಆಗ ಆ ವಿಶ್ವವಿದ್ಯಾಲಯ ಸ್ತ್ರೀಯರಿಗೆ ಪದವಿ ಕೊಡುತ್ತಿರಲಿಲ್ಲ. ಅವರು ಎದೆಗುಂದದೆ ಲಂಡನ್ನಿನ ಮಹಿಳಾ ವೈದ್ಯಕೀಯ ಶಾಲೆ ಸೇರಿ 1920ರಲ್ಲಿ ವೈದ್ಯರಾದರು.

1928ರಲ್ಲಿ ಅವರು ಮುಂಬಯಿಗೆ ಬಂದು ಹಾಫ್‌ಕಿನ್ ಸಂಸ್ಥೆಯಲ್ಲಿ ಸಂಶೋಧನೆ ಆರಂಭಿಸಿದರು. ಆಗ ಅಲ್ಲಿ ಅನೇಕ ಗರ್ಭಿಣಿಯರು ತೀವ್ರ ರಕ್ತಹೀನತೆಯಿಂದ ಸಾಯುತ್ತಿದ್ದರು. ಯಾರು ಏನು ಉಣ್ಣುತ್ತಾರೆಂದು ಲೂಸಿ ವಿಚಾರಿಸಿದರು. ಬಡ ಮುಸ್ಲಿಂ ಸ್ತ್ರೀಯರ ಊಟವೇ ಎಲ್ಲಕ್ಕಿಂತ ಕಳಪೆಯಾಗಿತ್ತು, ಅವರಲ್ಲೇ ಈ ರೋಗ ಹೆಚ್ಚಾಗಿತ್ತು. ಕೊನೆಗೆ ಈಸ್ಟ್‌ನಿಂದ ತಯಾರಿಸಿದ ಮಾರ್ಮೈಟ್ ಎಂಬ ಅಗ್ಗದ ಆಹಾರ ಕೊಟ್ಟಾಗ ರೋಗಿಗಳು ಚೇತರಿಸಿಕೊಂಡರು. 1931ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಅದರಲ್ಲಿದ್ದ ಗುಣಕಾರಿ ಅಂಶವೇ ಫೋಲಿಕ್ ಆಮ್ಲ. 1941ರಲ್ಲಿ ವಿಜ್ಞಾನಿಗಳು ಅದನ್ನು ಪಾಲಕ ಸೊಪ್ಪಿನಿಂದ ಬೇರ್ಪಡಿಸಿದರು.

ಲೂಸಿ 1964ರಲ್ಲಿ ನಿಧನರಾದರು. ಅವರ ಕೆಲಸದ ಇನ್ನೊಂದು ಫಲ ಆಮೇಲೆ ಕಂಡಿತು. ಗರ್ಭ ನಿಂತ ಸುಮಾರು 28 ದಿನಗಳೊಳಗೆ ಶಿಶುವಿನ ಮೆದುಳು ಮತ್ತು ಬೆನ್ನುಹುರಿಯಾಗಿ ಬೆಳೆಯುವ ನಾಳ ಮುಚ್ಚಿಕೊಳ್ಳಬೇಕು. ಮುಚ್ಚದಿದ್ದರೆ ಮಗು ಅಂಗವೈಕಲ್ಯದಿಂದ ಹುಟ್ಟುತ್ತದೆ ಅಥವಾ ಬದುಕುವುದೇ ಇಲ್ಲ. ಹಿಂದೆ ಅಂಥ ಮಗುವನ್ನು ಹೆತ್ತ ತಾಯಂದಿರು ಮತ್ತೆ ಗರ್ಭ ಧರಿಸುವ ಮೊದಲೇ ಫೋಲಿಕ್ ಆಮ್ಲ ತೆಗೆದುಕೊಂಡರೆ ಈ ದೋಷ ಶೇಕಡಾ 72ರಷ್ಟು ಕಡಿಮೆಯಾಗುತ್ತದೆಂದು 1991ರಲ್ಲಿ ಬ್ರಿಟನ್ನಿನ ಒಂದು ದೊಡ್ಡ ಅಧ್ಯಯನ ತೋರಿಸಿತು.

ಆ 28 ದಿನಗಳಲ್ಲಿ ಎಷ್ಟೋ ಹೆಣ್ಣುಮಕ್ಕಳಿಗೆ ತಾವು ಗರ್ಭಿಣಿ ಎಂಬುದೇ ಗೊತ್ತಿರುವುದಿಲ್ಲ. ಆದ್ದರಿಂದ ಮಗು ಬೇಕೆಂದು ಬಯಸುವವರು ವೈದ್ಯರನ್ನು ಕೇಳಿ ಮೊದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಆರಂಭಿಸಬೇಕು. ನಾಲ್ಕನೇ ತಿಂಗಳಿಂದ ಕಬ್ಬಿಣಾಂಶ ಸೇರಿದ ಮಾತ್ರೆಯನ್ನು ಕನಿಷ್ಠ 180 ದಿನ ನುಂಗಬೇಕು. ಜೊತೆಗೆ ನಮ್ಮ ಹೊಲದ ತೊಗರಿ ಬೇಳೆ, ಮೆಂತ್ಯೆ, ಪಾಲಕ ಊಟದಲ್ಲಿರಲಿ. ಸೊಪ್ಪನ್ನು ಅತಿಯಾಗಿ ಕುದಿಸಬಾರದು.

ವಿದ್ಯಾರ್ಥಿನಿಯರೇ, ಪದವಿ ಸಿಗದಿದ್ದರೂ ಓದು ಬಿಡದ ಒಬ್ಬ ಹೆಣ್ಣುಮಗಳು ನಮ್ಮ ತಾಯಂದಿರ ಜೀವ ಉಳಿಸುವ ದಾರಿ ತೋರಿಸಿದಳು. ನೀವು ಓದಿದ್ದನ್ನು ಮನೆಯ ಅತ್ತಿಗೆ, ಅಕ್ಕಂದಿರಿಗೆ ತಿಳಿಸಿದರೆ ಆ ಇಲ್ಮ್ ಸಾರ್ಥಕ.