ಫಸ್ಟ್ ಪೀರಿಯಡ್ ನಿದ್ದೆ ಮತ್ತು ಸೀಮೋರ್ ಬೆಂಜರ್

ಆಳಂದ, ಅಫಜಲಪುರ, ಜೇವರ್ಗಿ ಕಡೆಯಿಂದ ದಿನಾ ಕಲಬುರಗಿಗೆ ಬಸ್ಸಿನಲ್ಲಿ ಬರೋ ನಾವು ಐದು ಮಂದಿ. ಎಲ್ಲರೂ ಏಳೋದು ಬೆಳಗ್ಗೆ ಐದಕ್ಕೇ. ಆದರೂ ಫಸ್ಟ್ ಪೀರಿಯಡ್‌ನಲ್ಲಿ ಇಬ್ಬರು ಆರಾಮಾಗಿ ನೋಟ್ಸ್ ಬರೀತಾರೆ, ಮೂವರು ತೂಕಡಿಸ್ತೀವಿ. ಮನೆಯವರು ಇದಕ್ಕೆ ಇಟ್ಟಿರೋ ಹೆಸರು ಸೋಮಾರಿತನ. ನಮ್ಮಲ್ಲೊಬ್ಬ ಹೋದ ಸೆಮ್‌ನಲ್ಲಿ ಅಟೆಂಡೆನ್ಸ್ ಸಾಲದೆ ಒಂದು ಪೇಪರ್ ಕಳೆದುಕೊಂಡ. ಆಗಲೇ ನಾವು ಬೆಂಜರ್ ಬಗ್ಗೆ ಓದಿದ್ದು.

ಸೀಮೋರ್ ಬೆಂಜರ್ ಹುಟ್ಟಿದ್ದು 1921ರಲ್ಲಿ, ನ್ಯೂಯಾರ್ಕಿನಲ್ಲಿ. 13ನೇ ವಯಸ್ಸಿಗೆ ಮೈಕ್ರೋಸ್ಕೋಪ್ ಸಿಕ್ಕಿತ್ತು, ಆದರೆ ಓದಿದ್ದು ಫಿಸಿಕ್ಸ್. ಎರಡನೇ ಮಹಾಯುದ್ಧದ ಹೊತ್ತಿಗೆ ಪರ್ಡ್ಯೂ ಯೂನಿವರ್ಸಿಟಿಯಲ್ಲಿ ರೇಡಾರ್‌ಗೆ ಬೇಕಾದ ಜರ್ಮೇನಿಯಂ ಮೇಲೆ ಕೆಲಸ ಮಾಡಿದರು. ಇಸಿ ಬ್ರಾಂಚಿನವರು ಅವರನ್ನು ನಮ್ಮವರೇ ಅನ್ನಬಹುದು! ಆಮೇಲೆ ಶ್ರೋಡಿಂಗರ್ ಬರೆದ ಒಂದು ಪುಟ್ಟ ಪುಸ್ತಕ ಅವರನ್ನು ಜೀವಶಾಸ್ತ್ರಕ್ಕೆ ಎಳೆಯಿತು. ವೈರಸ್ ಒಂದರ ಜೀನಿನ ಒಳಗಿನ ನಕ್ಷೆ ತಯಾರಿಸಿ 1950ರ ದಶಕದಲ್ಲೇ ದೊಡ್ಡ ಹೆಸರು ಮಾಡಿದರು.

ಅವರೂ ರಾತ್ರಿ ಎಚ್ಚರ ಇರೋ ಪೈಕಿ. ಲ್ಯಾಬಿಗೆ ತಡವಾಗಿ ಬಂದು, ನಡುರಾತ್ರಿ ದಾಟೋವರೆಗೂ ಕೆಲಸ. ಒಂದೇ ಮನೇಲಿ ಬೆಳೆದ ತಮ್ಮ ಇಬ್ಬರು ಹೆಣ್ಣುಮಕ್ಕಳ ಸ್ವಭಾವ ಬೇರೆ ಬೇರೆ ಯಾಕೆ ಅನ್ನೋ ಪ್ರಶ್ನೆ ಅವರನ್ನು ಕಾಡುತ್ತಿತ್ತು. ನಡವಳಿಕೆಗೂ ಜೀನಿಗೂ ಏನು ಸಂಬಂಧ ಅಂತ ನೋಡೋಕೆ ಅವರು ಆರಿಸಿಕೊಂಡಿದ್ದು, ಕೊಳೆತ ಬಾಳೆಹಣ್ಣಿನ ಮೇಲೆ ಹಾರಾಡೋ ಸಣ್ಣ ನೊಣ.

ಈ ನೊಣಗಳು ಕೋಶ ಒಡೆದು ಹೊರಬರೋದು ಸಾಮಾನ್ಯವಾಗಿ ನಸುಕಿನಲ್ಲಿ. ಕ್ಯಾಲ್ಟೆಕ್‌ನಲ್ಲಿ ಬೆಂಜರ್ ಅವರ ಶಿಷ್ಯ ರಾನ್ ಕೊನೋಪ್ಕ ನೊಣಗಳಿಗೆ ಜೀನ್ ಕೆಡಿಸೋ ಕೆಮಿಕಲ್ ತಿನ್ನಿಸಿ, ಹೊತ್ತಲ್ಲದ ಹೊತ್ತಿನಲ್ಲಿ ಬರೋ ಸಂತತಿಯನ್ನು ಹುಡುಕಿದರು. ಮೂರು ತಳಿ ಸಿಕ್ಕವು. ಒಂದರ ದಿನ 19 ಗಂಟೆ, ಇನ್ನೊಂದರದು 28 ಗಂಟೆ, ಮೂರನೆಯದಕ್ಕೆ ಹಗಲು ರಾತ್ರಿಯ ಲೆಕ್ಕವೇ ಇಲ್ಲ. ಮೂರರಲ್ಲೂ ಕೆಟ್ಟಿದ್ದು ಒಂದೇ ಜೀನ್. 1971ರಲ್ಲಿ ಇದು ಪ್ರಕಟವಾಯಿತು. ಆ ಜೀನಿನ ಹೆಸರು ಪೀರಿಯಡ್ (ನಮಗೆ ನಗು ತಡೆಯೋಕಾಗಲಿಲ್ಲ).

ಬೆಂಜರ್ ಜೊತೆ ನೊಣಗಳ ಮೇಲೆ ಕೆಲಸ ಮಾಡಿದ ಒಬೈದ್ ಸಿದ್ದೀಕಿ ಅವರೇ ಮುಂದೆ ಬೆಂಗಳೂರಿನಲ್ಲಿ ಎನ್‌ಸಿಬಿಎಸ್ ಕಟ್ಟಿದ್ದು.

ಮನುಷ್ಯರಲ್ಲೂ ಇಂಥದ್ದೇ ಜೀನುಗಳಿವೆ. ಸಂಜೆ ಏಳೂವರೆಗೇ ನಿದ್ದೆಗೆ ಜಾರಿ ನಸುಕಿನ ನಾಲ್ಕೂವರೆಗೆ ಏಳೋ ಒಂದು ಮನೆತನದಲ್ಲಿ ಪೀರಿಯಡ್‌ನ ತಮ್ಮನಂಥ ಜೀನೊಂದು ಬದಲಾಗಿದ್ದು 2001ರಲ್ಲಿ ಗೊತ್ತಾಯಿತು. ಗಡಿಯಾರ ತಡವಾಗಿ ಓಡೋರಿಗೆ ನಿದ್ದೆ ಬರೋದೇ ತಡ. ಅವರನ್ನು ಐದಕ್ಕೆ ಎಬ್ಬಿಸಿದರೆ ಉಳಿದ ನಿದ್ದೆ ಕ್ಲಾಸಿನಲ್ಲಿ ಬರುತ್ತೆ. ಎಲ್ಲಾ ಜೀನಿನ ಮೇಲೆ ಹಾಕೋಕಾಗಲ್ಲ, ನಾವು ರಾತ್ರಿ ರೀಲ್ಸ್ ನೋಡೋದೂ ನಿಜ. ಆದರೆ ಪೇಪರ್ ಕಳೆದುಕೊಂಡವನ ಅಜ್ಜ ಊರಲ್ಲಿ ಇಡೀ ರಾತ್ರಿ ತೊಗರಿ ಹೊಲ ಕಾಯೋಕೆ ತಾವಾಗೇ ಹೋಗ್ತಿದ್ದರಂತೆ.

ಬೆಂಜರ್ 2007ರಲ್ಲಿ ತೀರಿಕೊಂಡರು. ಪೀರಿಯಡ್ ಜೀನ್ ಹೇಗೆ ಕೆಲಸ ಮಾಡುತ್ತೆ ಅಂತ ತೋರಿಸಿದ ಹಾಲ್, ರಾಸ್‌ಬಾಷ್, ಯಂಗ್ ಮೂವರಿಗೆ 2017ರಲ್ಲಿ ನೊಬೆಲ್ ಬಂತು. ಹಾಲ್ ಹಿಂದೆ ಬೆಂಜರ್ ಲ್ಯಾಬಿನಲ್ಲೇ ಇದ್ದವರು. ತೀರಿಕೊಂಡವರಿಗೆ ನೊಬೆಲ್ ಕೊಡಲ್ಲ.